ಮಲ್ಕಮ್ಮ ಬಿಗಿದ ಕಂಪ್ಯೂಟರ್

ಜೇವರ್ಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಂಚಶೀಲ ಸೌಂಡ್ ಸರ್ವಿಸ್ ಎಂಬ ಅಂಗಡಿ ಇತ್ತು. ಅದರ ಮಾಲೀಕ ಧರ್ಮಣ್ಣ ಎಂಬುದು ಊರಿಗೆಲ್ಲ ಗೊತ್ತು. ಅಲ್ಲಿಯ ಮೆಕ್ಯಾನಿಕ್ ಯಾರು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮೈಕ್ ಸೆಟ್ಟು ಕೆಟ್ಟರೆ ಜನ ಅದನ್ನು ಧರ್ಮಣ್ಣನ ಕೈಗೆ ಕೊಟ್ಟು, ಎರಡು ದಿನ ಬಿಟ್ಟು ಧರ್ಮಣ್ಣನ ಕೈಯಿಂದಲೇ ತೆಗೆದುಕೊಂಡು, "ಏನ್ ಕೈ ಅವಪ್ಪ ನಿನ್ನವು" ಎಂದು ಹೊಗಳಿ ಹೋಗುತ್ತಿದ್ದರು. ಧರ್ಮಣ್ಣ ಪಾಪ ಒಳ್ಳೆಯ ಮನುಷ್ಯ. ಹೊಗಳಿಸಿಕೊಂಡಾಗಲೆಲ್ಲ ಒಮ್ಮೆ ತಿರುಗಿ ಪರದೆಯ ಕಡೆ ನೋಡುತ್ತಿದ್ದ. ಪರದೆಯ ಹಿಂದೆ ಅವನ ಹೆಂಡತಿ ಮಲ್ಕಮ್ಮ ತಲೆ ತಗ್ಗಿಸಿ ಬೆಸುಗೆ ಹಾಕುತ್ತ ಕೂತಿರುತ್ತಿದ್ದಳು.

ಮಲ್ಕಮ್ಮ ನೆಲೋಗಿಯ ಕೂಲಿಕಾರ ಹುಲೆಪ್ಪನ ಮಗಳು. ಏಳನೆಯ ಇಯತ್ತೆಯವರೆಗೆ ಓದಿದ್ದಳು. ಎಪ್ಪತ್ತೆಂಟರಲ್ಲಿ ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಅವಳಿಗೆ ಕೊಟ್ಟ ಕೆಲಸ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವುದು. ಎರಡು ಸಾವಿರ ಚಿಲ್ಲರೆ ಸುತ್ತು, ಒಂದೂ ತಪ್ಪುವಂತಿಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಮಲ್ಕಮ್ಮ ಎಣಿಸುವಾಗ ಯಾರು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ. ಅತ್ತೆ ಸಾಬವ್ವ ಮೊದಲೊಂದು ತಿಂಗಳು ಸೊಸೆಗೆ ಸೊಕ್ಕು ಎಂದೇ ತಿಳಿದಿದ್ದಳು. ಸುತ್ತುವುದರಿಂದ ಬೆಸುಗೆಗೆ, ಬೆಸುಗೆಯಿಂದ ರಿಪೇರಿಗೆ ಕೈ ಹೋಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಧರ್ಮಣ್ಣ ಸೆಟ್ಟು ಹೊತ್ತುಕೊಂಡು ತಿರುಗುವವನಾದ, ಇವಳು ಮಾಡಿ ಕೊಡುವವಳಾದಳು.

ಅವಳ ಕೆಲಸಕ್ಕೆ ಎರಡು ನೇಮ ಇದ್ದವು. ಒಂದು, ಬಿಗಿ. ಅವಳ ಕೈಯ ಸೆಟ್ಟುಗಳು ಜೀಪು, ಟೆಂಪೋ, ಎತ್ತಿನ ಬಂಡಿ ಏರಿ ಅಂದೋಲಾಕ್ಕೂ ಘತ್ತರಗಿಗೂ ಹೋಗಿ ಬರಬೇಕು. ಆ ರಸ್ತೆಗಳಲ್ಲಿ ಮನುಷ್ಯನ ಹಲ್ಲೇ ಅಲುಗಾಡುತ್ತವೆ, ಇನ್ನು ತಿರುಪಿನ ಗತಿ ಏನು. ಹಾಗಾಗಿ ಒಂದು ತಿರುಪು ಸಾಕಾಗುವಲ್ಲಿ ಎರಡು ಹಾಕಿ, ಕೆಳಗೆ ನಟ್ಟು ಕೊಟ್ಟು ಬಿಗಿಯುತ್ತಿದ್ದಳು. ಎರಡನೆಯದು, ಅರ್ಥಿಂಗ್. ಒಳಗಿನ ಸರ್ಕಿಟ್ಟು ಕಬ್ಬಿಣದ ಡಬ್ಬಿಗೆ ಚೆನ್ನಾಗಿ ಕೂಡಿಕೊಂಡಷ್ಟೂ ಮೈಕಿನಲ್ಲಿ ಗುಂಯ್ ಎನ್ನುವ ಸದ್ದು ಕಡಿಮೆ. ಈ ಎರಡು ನೇಮ ಬಿಟ್ಟು ಕೆಲಸ ಮಾಡುವವರನ್ನು ಕಂಡರೆ ಅವಳಿಗೆ ಮೈಯುರಿ.

ಅದೇ ಊರಿನಲ್ಲಿ ಮಥುರಾಬಾಯಿ ಎಂಬುವವರು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ತಾಲೂಕಿನ ಅರ್ಧಕ್ಕರ್ಧ ಗುಮಾಸ್ತರು ಅವರ ಕೈಯಲ್ಲಿ ಬೆರಳು ಪಳಗಿಸಿಕೊಂಡವರು. ಕೀಲಿಗಳನ್ನು ನೋಡಿಕೊಂಡು ಹೊಡೆದವರ ಕೈ ಮೇಲೆ ಟವೆಲ್ಲು ಮುಚ್ಚಿಬಿಡುವ ಶಿಸ್ತಿನ ಹೆಂಗಸು. ತೊಂಬತ್ತಾರರಲ್ಲಿ ಅವರಿಗೆ ಕಂಪ್ಯೂಟರ್ ಕಲಿಸಬೇಕೆನ್ನಿಸಿತು. ಗುಲ್ಬರ್ಗಾದಿಂದ ಕಂಪ್ಯೂಟರ್ ಅಂಗಡಿಯವರು ಬಂದು ಬೆಲೆ ಬರೆದ ಬಣ್ಣದ ಕಾಗದ ತೋರಿಸಿ ಹೋದರು. ಅದನ್ನು ಮಡಚಿಟ್ಟು ಬಾಯಿಯವರು ಒಂದು ಮಧ್ಯಾಹ್ನ ನೇರವಾಗಿ ಪಂಚಶೀಲಕ್ಕೆ ಬಂದು, ಧರ್ಮಣ್ಣನನ್ನು ದಾಟಿ, ಪರದೆ ಸರಿಸಿದರು.

"ಮಲ್ಕಮ್ಮ, ನನ್ನ ಸ್ಟೆಬಿಲೈಸರ್ ಹನ್ನೆರಡು ವರ್ಷದಿಂದ ಯಾರು ರಿಪೇರಿ ಮಾಡಾಕತ್ತಾರ ಅಂತ ನನಗ ಗೊತ್ತದ. ಸಾಮಾನು ತಂದು ಕೊಟ್ಟರ ಕಂಪ್ಯೂಟರ್ ಕೂಡಿಸ್ತೀ ಏನು?"

ಮಲ್ಕಮ್ಮ ಅಲ್ಲಿಯವರೆಗೆ ಕಂಪ್ಯೂಟರಿನ ಹೊಟ್ಟೆ ಇರಲಿ, ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆದರೆ ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಬ್ಬರು ಕೆಲಸವನ್ನು ಅವಳನ್ನೇ ಕೇಳಿದ್ದರು. "ಕೂಡಿಸ್ತೇನ್ರಿ ಬಾಯಾರ" ಎಂದುಬಿಟ್ಟಳು.

ಇಬ್ಬರೂ ಹೆಂಗಸರು ಹೈದರಾಬಾದಿಗೆ ಹೋದರು. ಕೋಠಿಯ ಸಣ್ಣ ಅಂಗಡಿಯೊಂದರಲ್ಲಿ ಗೌಸಮೊಹಿದ್ದೀನ ಎಂಬ ಮುದುಕ ಒಂದೊಂದೇ ಭಾಗ ಕೈಗೆ ಕೊಟ್ಟು ಹೇಗೆ ಜೋಡಿಸುವುದೆಂದು ಎರಡೆರಡು ಸಲ ತೋರಿಸಿದ. ಎಲ್ಲ ಭಾಗಗಳೂ ಕೂರುವ ದೊಡ್ಡ ಬೋರ್ಡಿಗೆ ಕರೆಂಟು ಕೊಡುವ ಎರಡು ಕೊಂಡಿಗಳನ್ನು ಸಿಕ್ಕಿಸುವಾಗ ಕರಿ ತಂತಿಗಳು ನಡುವೆ ಒಂದರ ಪಕ್ಕ ಒಂದು ಬರಬೇಕು, ಅದಲುಬದಲಾದರೆ ಎಲ್ಲ ಸುಟ್ಟುಹೋಗುತ್ತದೆ ಎಂದು ಎಚ್ಚರಿಸಿದ. ಕೊನೆಗೆ ಒಂದು ಪುಟ್ಟ ಪೊಟ್ಟಣ ಕೊಟ್ಟು, ಇದನ್ನೂ ಹಾಕು ಬೇಟಿ ಎಂದ. ಒಳಗೆ ಕಡಲೆಕಾಳಿನಷ್ಟು ಗಾತ್ರದ ಹಿತ್ತಾಳೆಯ ಕಾಲುಗಳಿದ್ದವು. ಬೋರ್ಡನ್ನು ಡಬ್ಬಿಯ ತಗಡಿಗೆ ತಾಗದಂತೆ ಮೇಲೆತ್ತಿ ಹಿಡಿಯುವಂಥವು.

ಮಲ್ಕಮ್ಮ ಜೇವರ್ಗಿಗೆ ಬಂದು ಆ ಶನಿವಾರ ಇನ್‌ಸ್ಟಿಟ್ಯೂಟಿನ ದೊಡ್ಡ ಮೇಜಿನ ಮೇಲೆ ಕಂಪ್ಯೂಟರ್ ಜೋಡಿಸಲು ಕೂತಳು. ಕರಿ ತಂತಿ ನಡುವೆ, ಸರಿ. ಅಗಲ ಪಟ್ಟಿಯಂಥ ತಂತಿಗಳನ್ನೆಲ್ಲ ಗುರುತು ನೋಡಿ ಸಿಕ್ಕಿಸಿದ್ದಾಯಿತು, ಸರಿ. ಆದರೆ ಹಿತ್ತಾಳೆಯ ಕಾಲುಗಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದಾಗ ಅವಳಿಗೆ ನಗು ಬಂತು. ಇಷ್ಟು ದೊಡ್ಡ ಬೋರ್ಡು ಇಷ್ಟಿಷ್ಟೇ ಕಾಲಿನ ಮೇಲೆ ಅಂತರದಲ್ಲಿ ನಿಲ್ಲಬೇಕೆ? ಒಂದು ಸಲ ಮೇಜು ಜರುಗಿಸಿದರೆ ಮುಗಿಯಿತು. ಪೇಟೆಯವರ ಮೈಗಳ್ಳತನ ಎಂದುಕೊಂಡು ಪೊಟ್ಟಣವನ್ನು ಪಕ್ಕಕ್ಕಿಟ್ಟಳು. ತಗಡಿಗೆ ತಾನೇ ತೂತು ಕೊರೆದು, ಬೋರ್ಡನ್ನು ಅದರ ಮೇಲೆ ಅಂಗಾತ ಮಲಗಿಸಿ, ಆರು ಕಡೆ ನಟ್ಟು ಬೋಲ್ಟು ಹಾಕಿ, ಜಗ್ಗಿದರೂ ಅಲುಗದಂತೆ ಬಿಗಿದಳು. ಬಿಗಿಯೂ ಆಯಿತು, ಅರ್ಥಿಂಗೂ ಆಯಿತು. ತನ್ನ ಕೆಲಸ ನೋಡಿ ತಾನೇ ಖುಷಿಪಟ್ಟಳು.

ಸ್ವಿಚ್ ಒತ್ತಿದಳು. ಹಿಂದಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದಳು, ಮತ್ತೆ ಅರ್ಧ ಸುತ್ತು. ಮಾನಿಟರಿನ ಪರದೆ ಕರ್ರಗೆ. ಸಂಜೆಯವರೆಗೆ ಎಲ್ಲ ಬಿಚ್ಚಿ ಎಲ್ಲ ಹಾಕಿದಳು. ಬೋರ್ಡನ್ನು ಮಾತ್ರ ಬಿಚ್ಚಲಿಲ್ಲ. ಅಷ್ಟು ಚೆನ್ನಾಗಿ ಕೂಡಿಸಿದ್ದನ್ನು ಯಾಕೆ ಬಿಚ್ಚಬೇಕು?

ಸೋಮವಾರ ತರಗತಿ ಶುರು. ಹದಿನಾಲ್ಕು ಮಂದಿ ಹೆಸರು ಹಚ್ಚಿದ್ದರು, ಕೆಲವರು ನೆಲೋಗಿಯಿಂದ ಬಸ್ಸಿಗೆ ಬರುವವರು. ಭಾನುವಾರ ಬೆಳಿಗ್ಗೆ ಮಥುರಾಬಾಯಿ ಮುಚ್ಚುಮರೆಯಿಲ್ಲದೆ ಹೇಳಿದರು: "ಗುಲ್ಬರ್ಗಾದವರಿಗೆ ಫೋನ್ ಮಾಡೇನಿ. ತಯಾರಿ ಮಿಷನ್ ತರಾಕತ್ತಾರ. ನಾಕು ಗಂಟೆತನಕ ನಿನಗ ಬಿಟ್ಟೇನಿ ಮಲ್ಕಮ್ಮ. ಹುಡುಗರನ್ನ ಹೊಳ್ಳಿ ಕಳಸೂದು ನನ್ನಿಂದ ಆಗಂಗಿಲ್ಲ."

ತಪ್ಪೇನೂ ಇರಲಿಲ್ಲ ಅವರ ಮಾತಿನಲ್ಲಿ. ಆದರೆ ಆ ಮಿಷನ್ ಇಲ್ಲಿ ಇಳಿದರೆ ಮೈಕ್ ಸೆಟ್ಟಿನವಳು ಮೈಕ್ ಸೆಟ್ಟಿಗೇ ಲಾಯಕ್ಕು ಎಂದು ಊರು ತೀರ್ಮಾನಿಸಿಬಿಡುತ್ತದೆ, ಮತ್ತೆ ಯಾರೂ ಪರದೆ ಸರಿಸಿ ಕೇಳುವುದಿಲ್ಲ. ಅದು ಮಲ್ಕಮ್ಮನಿಗೆ ಗೊತ್ತಿತ್ತು.

ಎರಡೂವರೆಗೇ ಟೆಂಪೋ ಬಂತು. ಇಳಿದವನು ಗೋವಿಂದ ಎಂಬ ಇಸ್ತ್ರಿ ಅಂಗಿಯ ಯುವಕ. ಸ್ವಿಚ್ ಒತ್ತಿ, ಫ್ಯಾನಿನ ಅರ್ಧ ಸುತ್ತು ನೋಡಿ, ಡಬ್ಬಿಯೊಳಗೆ ಇಣುಕದೆಯೇ ಮಲ್ಕಮ್ಮನಿಗೆ ಹೇಳಿದ: "ಬೋರ್ಡ್ ಹೋಗ್ಯಾದ್ರಿ. ನಿಮ್ಮ ತಪ್ಪಲ್ಲ ಬಿಡ್ರಿ ಬಾಯಿ, ಕೋಠಿಯವರು ಹಿಂಗs, ಕೆಟ್ಟ ಮಾಲು ತಗಲಿಹಾಕ್ತಾರ." ಹೇಳಿ ಚಹಾ ಕುಡಿಯಲು ನಿಲ್ದಾಣದ ಕಡೆ ಹೋದ. ಮಥುರಾಬಾಯಿ ಒಳಗಿನ ಕೋಣೆಗೆ ಹೋದರು.

ಧರ್ಮಣ್ಣ ಬಾಗಿಲಲ್ಲಿ ನಿಂತಿದ್ದ. "ಅಂವ ಹೇಳಿದ್ದs ಹೇಳಿಬಿಡು ಬೇ. ಬೋರ್ಡ್ ಕೆಟ್ಟಿತ್ತು ಅಂದ್ರ ನಿನ್ನ ಹೆಸರಿಗೆ ಏನೂ ಆಗಂಗಿಲ್ಲ" ಎಂದ. ಹೆಂಡತಿಯ ಮುಖ ನೋಡಲಾಗದೆ ಆಡಿದ ಮಾತದು.

"ಕೆಟ್ಟದ ಅಂತ ಅಂವ ನೋಡ್ಯಾನೇನ್ರಿ? ನಾನೂ ನೋಡಿಲ್ಲ. ಜೀಪಿನ ಹಿಂದಿನ ಬಲ್ಬ್ ಒಂದು ತಂದುಕೊಡ್ರಿ."

ಇದು ಅವಳ ಹಳೆಯ ರೂಢಿ. ಅಂಪ್ಲಿಫೈಯರ್ ಕರೆಂಟನ್ನು ಎಲ್ಲಿ ನುಂಗುತ್ತಿದೆ ಎಂದು ತಿಳಿಯದಾದಾಗ ಒಂದು ಬಲ್ಬು ಕೂಡಿಸಿ ಅದರ ಬೆಳಕಿನಿಂದ ರೋಗ ಕಂಡುಹಿಡಿಯುತ್ತಿದ್ದಳು. ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆಯನ್ನು ಬೋರ್ಡಿನಿಂದ ಬಿಡಿಸಿ, ಅದರ ಕೆಂಪು, ಕರಿ ತಂತಿಗೆ ಬಲ್ಬು ಸಿಕ್ಕಿಸಿ ಸ್ವಿಚ್ ಒತ್ತಿದಳು. ಫ್ಯಾನು ಪೂರಾ ತಿರುಗಿತು, ಬಲ್ಬು ಮಂದವಾಗಿ ಹೊತ್ತಿತು. ಪೆಟ್ಟಿಗೆಗೆ ಏನೂ ಆಗಿಲ್ಲ. ಬಲ್ಬು ಹಾಗೇ ಇಟ್ಟು ಬೋರ್ಡಿಗೂ ಕೊಂಡಿ ಹಾಕಿದಳು. ಬಲ್ಬು ತಟ್ಟನೆ ಆರಿತು. ಹಾಗಿದ್ದರೆ ಕರೆಂಟು ನುಂಗುತ್ತಿರುವುದು ಬೋರ್ಡೇ. ಗೋವಿಂದನ ಮಾತು ನಿಜವಾಗುವಂತೆ ಕಂಡಿತು.

ಇನ್ನು ಉಳಿದದ್ದು ಒಂದೇ. ಆರು ಬೋಲ್ಟು ಬಿಚ್ಚುವುದು. ಅವಳೇ ಬಿಗಿದದ್ದು, ಅವಳಿಗೇ ಬೆವರಿಳಿಯಿತು. ಬೋರ್ಡನ್ನು ತಗಡಿನಿಂದೆತ್ತಿ ಟೈಪಿಂಗ್ ಮಿಷನ್ನಿನ ಕೆಳಗೆ ಇಡುವ ಮರದ ಹಲಗೆಯ ಮೇಲೆ ಇಟ್ಟು, ಕೊಂಡಿ ಹಾಕಿ, ಸ್ವಿಚ್ ಒತ್ತಿದಳು.

ಬಲ್ಬು ಆರಲಿಲ್ಲ. ಫ್ಯಾನು ನಿಲ್ಲಲಿಲ್ಲ.

ಸ್ವಿಚ್ ಆರಿಸಿ ಬೋರ್ಡನ್ನು ತಿರುವಿ ನೋಡಿದಳು. ಹಿಂಭಾಗದಲ್ಲಿ ನೂರಾರು ಬೆಸುಗೆಯ ಗುಳ್ಳೆಗಳು. ತಗಡಿಗೆ ಒತ್ತಿ ಒತ್ತಿ ಕೆಲವು ಉಜ್ಜಿದಂತೆ ಹೊಳೆಯುತ್ತಿದ್ದವು. ಕರೆಂಟು ಹರಿಯುವ ಅಷ್ಟೂ ಜಾಗಗಳನ್ನು ಅವಳು ತನ್ನ ಕೈಯಾರೆ ಕಬ್ಬಿಣಕ್ಕೆ ಒತ್ತಿ ಒಂದಕ್ಕೊಂದು ಕೂಡಿಸಿಬಿಟ್ಟಿದ್ದಳು. ಕರೆಂಟಿನ ಪೆಟ್ಟಿಗೆ ಜಾಣ. ಅಪಾಯ ಕಂಡು ಪ್ರತಿ ಸಲ ತಾನೇ ನಿಂತುಬಿಟ್ಟು ಬೋರ್ಡನ್ನು ಉಳಿಸಿತ್ತು. ಕೋಠಿಯ ಮುದುಕ ಹೇಳಿಯೇ ಕಳಿಸಿದ್ದ. ಇವಳು ನಕ್ಕಿದ್ದಳು.

ಧರ್ಮಣ್ಣನಿಗೂ ಅರ್ಥವಾಯಿತು. ದನಿ ತಗ್ಗಿಸಿ ಹೇಳಿದ: "ಲಗೂನ ಕಾಲು ಹಚ್ಚಿ ಕೂಡಿಸಿಬಿಡು. ಒಂದು ತಂತಿ ಸಡಲಿತ್ತು ಅಂದ್ರ ಆತು. ಯಾರಿಗೂ ಗೊತ್ತಾಗಂಗಿಲ್ಲ."

ಖರೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಲ್ಕಮ್ಮ ಹಿತ್ತಾಳೆಯ ಕಾಲುಗಳ ಪೊಟ್ಟಣ ಕೈಗೆತ್ತಿಕೊಂಡಳು. ಇಷ್ಟು ವರ್ಷ ಅವಳು ಚೆನ್ನಾಗಿ ಮಾಡಿದ್ದೆಲ್ಲ ಅವಳದು ಎಂದು ಯಾರೂ ಹೇಳಿರಲಿಲ್ಲ. ಈಗ ಕೆಟ್ಟದ್ದನ್ನೂ ತನ್ನದಲ್ಲ ಎಂದುಬಿಟ್ಟರೆ ಅವಳದು ಅಂತ ಉಳಿಯುವುದೇನು?

"ಬಾಯಾರ, ಸ್ವಲ್ಪ ಹೊರಗ ಬರ್ರಿ" ಎಂದು ಕರೆದಳು.

ಅಷ್ಟರಲ್ಲಿ ಗೋವಿಂದನೂ ಚಹಾ ಮುಗಿಸಿ ಬಂದ. ಅವನೆದುರೇ ಹೇಳಿದಳು: "ಬೋರ್ಡ್ ಛಲೋ ಅದ್ರಿ. ಕೋಠಿಯವರದು ತಪ್ಪಿಲ್ಲ. ಇದಕ್ಕ ಕಾಲು ಹಚ್ಚಂತ ಹೇಳಿದ್ರು, ನಾ ಹಚ್ಚಲಿಲ್ಲ. ಮೈಕ್ ಸೆಟ್ಟಿನಂಗ ತಗಡಿಗೆ ಬಿಗದೆ. ತಪ್ಪು ನಂದ್ರಿ. ಅರ್ಧ ತಾಸು ಕೊಡ್ರಿ."

ಮಥುರಾಬಾಯಿ ಗಡಿಯಾರ ನೋಡಿದರು. ಮೂರೂವರೆ. ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕದಲ್ಲೇ ಕೂತರು. ಗೋವಿಂದನಿಗೆ ಕೂಡು ಎನ್ನಲಿಲ್ಲ, ಅವನೂ ಹೋಗಲಿಲ್ಲ.

ಹಿತ್ತಾಳೆಯ ಕಾಲುಗಳನ್ನು ಒಂದೊಂದಾಗಿ ನೆಟ್ಟಳು. ಬೋರ್ಡು ತಗಡಿನಿಂದ ಕಡಲೆಕಾಳಿನಷ್ಟು ಅಂತರದಲ್ಲಿ ನಿಂತಿತು. ತಿರುಪುಗಳನ್ನು ಹಾಕುವಾಗ ರೂಢಿಯಂತೆ ಕೈ ಬಿಗಿಯಲು ಹೋಯಿತು; ತಡೆದುಕೊಂಡಳು. ಎಷ್ಟು ಬೇಕೋ ಅಷ್ಟೇ. ಕರಿ ತಂತಿ ನಡುವೆ. ಪಟ್ಟಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ. ಎಲ್ಲ ಮುಗಿದ ಮೇಲೆ ಸ್ವಿಚ್ ಒತ್ತಿದಳು.

ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಒಳಗಿನಿಂದ ಒಂದು ಸಣ್ಣ ಕೂಗು ಬಂತು. ಕರ್ರಗಿದ್ದ ಪರದೆಯ ಮೂಲೆಯಲ್ಲಿ ಬಿಳಿ ಅಂಕಿಗಳು ಓಡತೊಡಗಿದವು, ಸಾವಿರ, ಎರಡು ಸಾವಿರ, ಮೂರು ಸಾವಿರ. ಮಿಷನ್ನು ತನ್ನ ನೆನಪನ್ನು ತಾನೇ ಎಣಿಸಿಕೊಳ್ಳುತ್ತಿತ್ತು. ಎಣಿಸುವುದು ಮುಗಿಯುವವರೆಗೆ ಮಲ್ಕಮ್ಮ ಉಸಿರಾಡಲಿಲ್ಲ, ಯಾರೂ ಮಾತಾಡಲೂ ಇಲ್ಲ. ಆಮೇಲೆ ಅವಳಿಗೆ ಅಳು ಬಂತು, ಕಣ್ಣು ಸೆರಗಿನಲ್ಲಿ ಒರೆಸಿಕೊಂಡಳು. ಧರ್ಮಣ್ಣ ಬಾಗಿಲಲ್ಲಿ ಎಲ್ಲ ಹಲ್ಲು ತೋರಿಸಿಕೊಂಡು ನಿಂತಿದ್ದ.

ಗೋವಿಂದ ಬಗ್ಗಿ ಒಳಗೆ ನೋಡಿದ, ಈ ಸಲ ನಿಜವಾಗಿ ನೋಡಿದ. "ಬಲ್ಬ್ ಹಚ್ಚಿ ನೋಡೂದು ನಮಗ ಯಾರೂ ಕಲಿಸಿಲ್ರಿ" ಎಂದು ಹೇಳಿ, ತಂದ ಮಿಷನ್ನನ್ನು ಟೆಂಪೋದಿಂದ ಇಳಿಸದೆಯೇ ವಾಪಸು ಹೋದ. ಆ ಒಂದು ಮಾತಿಗೆ ಅವನ ಅರ್ಧ ಪಾಪ ಮಾಫ್.

ಮರುದಿನ ಹದಿನಾಲ್ಕು ಮಂದಿ ಬೆಂಚಿನ ಮೇಲೆ ಕೂತರು. ಮಲ್ಕಮ್ಮ ಮಿಷನ್ನು ಚಾಲೂ ಮಾಡಿಕೊಟ್ಟು ಅಂಗಡಿಗೆ ಹೋಗಬೇಕೆಂದು ಚಪ್ಪಲಿ ಮೆಟ್ಟುತ್ತಿದ್ದಳು. ಮಥುರಾಬಾಯಿ ತಡೆದರು.

"ಎಲ್ಲಿಗೆ ಹೊಂಟಿ? ನನಗ ಇದರ ಕೀಲಿ ಹೊಡಿಯೂದಷ್ಟೇ ಗೊತ್ತು. ಒಳಗ ಏನದ ಅಂತ ಗೊತ್ತಿಲ್ಲದs ಇವರಿಗೆ ಹ್ಯಾಂಗ ಕಲಸ್ಲಿ? ಇವತ್ತಿನ ಪಾಠ ನಿಂದು."

"ನಾ ಏಳನೇ ಇಯತ್ತೆ ಕಲತಾಕಿ ಬಾಯಾರ."

"ಇವರೊಳಗ ಇದನ್ನ ಒಂದನೇ ಇಯತ್ತೆ ಕಲತವರೂ ಇಲ್ಲ."

ಹೀಗೆಂದು ಮಥುರಾಬಾಯಿ ತಮ್ಮ ಕುರ್ಚಿ ಬಿಟ್ಟು ಎದ್ದರು. ಇಪ್ಪತ್ತೆರಡು ವರ್ಷದಿಂದ ಆ ಕೋಣೆಯಲ್ಲಿ ಅವರಲ್ಲದೆ ಯಾರೂ ನಿಂತು ಪಾಠ ಹೇಳಿರಲಿಲ್ಲ. ಹೋಗಿ ಹಿಂದಿನ ಬೆಂಚಿನಲ್ಲಿ, ನೆಲೋಗಿಯ ಹುಡುಗಿಯೊಬ್ಬಳ ಪಕ್ಕ, ಸರಿದು ಜಾಗ ಮಾಡಿಸಿಕೊಂಡು ಕೂತರು. ನೋಟ್‌ಬುಕ್ಕು ತೆರೆದು ಪೆನ್ನಿನ ಮುಚ್ಚಳ ತೆಗೆದರು.

ಮಲ್ಕಮ್ಮ ಚಪ್ಪಲಿ ಬಿಟ್ಟು ಮೇಜಿನ ಮುಂದೆ ಬಂದು ನಿಂತಳು. ಡಬ್ಬಿಯ ಮೇಲಿನ ಮುಚ್ಚಳ ತೆಗೆದು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು.

"ಇದನ್ನ ನಾ ಕೂಡಿಸೀನಿ. ಮೊದಲ ನಾ ಮಾಡಿದ ತಪ್ಪು ಬರ್ಕೊಳ್ರಿ."

ಹದಿನೈದು ಜನ ಬರೆದುಕೊಂಡರು.