ಆರ್ಡೆನ್ ತುಂಬಿದ ತೋಟಾ

ನಮ್ಮ ಕಾಲ್ಡರ್ ಊರಿನಲ್ಲಿ ಒಬ್ಬರ ಹಲ್ಲುಜ್ಜುವ ಬ್ರಷ್ಷನ್ನಾದರೂ ಇನ್ನೊಬ್ಬರು ಬಳಸಿಯಾರು, ಒಬ್ಬರು ಮನೆಯಲ್ಲಿ ತುಂಬಿದ ಕೋವಿಯ ತೋಟಾವನ್ನು ಇನ್ನೊಬ್ಬರು ಹಾರಿಸುವುದಿಲ್ಲ. ಅಂಗಡಿಯಿಂದ ತಂದದ್ದನ್ನು ಹಂಚಿಕೊಳ್ಳುತ್ತಾರೆ. ಕೈಯಲ್ಲಿ ತುಂಬಿದ್ದನ್ನು ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಕೋವಿಯನ್ನು ಕೆನ್ನೆಗೆ ಒತ್ತಿಕೊಂಡು ಹಾರಿಸಬೇಕು, ತೋಟಾದ ಒಳಗೇನಿದೆ ಎಂಬುದು ತುಂಬಿದವನಿಗೆ ಮಾತ್ರ ಗೊತ್ತು. ಈ ಕಟ್ಟಳೆಯಲ್ಲಿ ಊರು ವಿನಾಯಿತಿ ಕೊಟ್ಟಿರುವುದು ಗಂಡ ಹೆಂಡತಿಗೆ ಮಾತ್ರ. ನನ್ನ ಪಕ್ಕದ ಮನೆಯ ವೆರ್ನಾ ಸ್ಕೋಗ್ಲಂಡ್ ನಲವತ್ತೊಂದು ವರ್ಷ ತನ್ನ ಗಂಡ ಆರ್ಡೆನ್ ತುಂಬಿಕೊಟ್ಟದ್ದನ್ನೇ ಹಾರಿಸಿದಳು. ಬೇಟೆಗೆ ಹೋಗುತ್ತಿದ್ದವಳು ಅವಳು; ಬೆಟ್ಟದ ದೊಡ್ಡ ಜಿಂಕೆ ಎಲ್ಕ್ ಹೊಡೆದು ಚಳಿಗಾಲದ ಮಾಂಸ ತರುತ್ತಿದ್ದವಳೂ ಅವಳೇ. ಆರ್ಡೆನ್‌ಗೆ ಬೆಟ್ಟ ಹತ್ತುವುದೆಂದರೆ ಮೊದಲಿನಿಂದಲೂ ಬೇಸರ.

ಅವನಿಗೆ ಇಷ್ಟವಾದದ್ದು ತೂಗುವುದು. ಗೋಧಿ ಗೋದಾಮಿನ ತೂಕದ ಕಟ್ಟೆಯಲ್ಲಿ ಮೂವತ್ತಮೂರು ವರ್ಷ ಲಾರಿ ತೂಗಿದ. ನಮ್ಮ ರೈತರು ಮಳೆಯನ್ನು ಬಯ್ಯುತ್ತಾರೆ, ಬೆಲೆಯನ್ನು ಬಯ್ಯುತ್ತಾರೆ, ಅಳಿಯಂದಿರನ್ನಂತೂ ಕೇಳಲೇಬೇಡಿ. ಆರ್ಡೆನ್‌ನ ತೂಕವನ್ನು ಬಯ್ದವರನ್ನು ನಾನು ನೋಡಿಲ್ಲ. ಚಳಿಗಾಲದಲ್ಲಿ ಪೊರಕೆ ಹಿಡಿದು ಲಾರಿಯ ಮೇಲೆ ಹತ್ತಿ ತಾನೇ ಹಿಮ ಗುಡಿಸುತ್ತಿದ್ದ. "ಗೋಧಿ ತೂಗೋಕೆ ಸಂಬಳ ಕೊಡ್ತಾರೆ, ಹಿಮ ತೂಗೋಕಲ್ಲ" ಎನ್ನುತ್ತಿದ್ದ.

ನಿವೃತ್ತನಾದ ಮೇಲೆ ಆ ನಿಷ್ಠೆಯೆಲ್ಲ ತೋಟಾ ತುಂಬುವ ಬೆಂಚಿಗೆ ಬಂತು. ಬೆಂಚು ಇದ್ದದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೋಶವನ್ನು ತೊಳೆದು, ಅದರ ಅಡಿಯಲ್ಲಿ ಕಿಡಿ ಹುಟ್ಟಿಸುವ, ಅಂಗಿ ಗುಂಡಿಯಷ್ಟು ಪುಟ್ಟ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಬಿಗಿಯುವ ಕೆಲಸ. ಅವನು ಮದ್ದು ತೂಗುವಾಗ ವಾಷಿಂಗ್ ಮೆಷಿನ್ ತಿರುಗಬಾರದು, ತಕ್ಕಡಿಯ ಮುಳ್ಳು ಅಲುಗಾಡುತ್ತದೆ. ವೆರ್ನಾ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು, "ಸ್ವಾಮಿಗಳ ಪೂಜೆ ಮುಗೀತಾ?" ಎಂದು ಕೇಳುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ನನ್ನದು ಟೈರ್ ಅಂಗಡಿ. ನಾನೂ ತುಂಬುತ್ತೇನೆ, ಆದರೆ ಆತುರಗಾರ. ಒಮ್ಮೆ ಗುರಿ ಅಭ್ಯಾಸದ ಮೈದಾನದಲ್ಲಿ ನನ್ನ ಚೀಲ ನೋಡಿದ ಆರ್ಡೆನ್ ಅದನ್ನು ಹತ್ತು ಜನರ ಮುಂದೆ ಮೇಜಿನ ಮೇಲೆ ಸುರಿದ. ಎರಡು ಕಂಪನಿಯ ಹಿತ್ತಾಳೆ, ಮಧ್ಯೆ ಸೈನ್ಯದ ಹಳೆಯದೂ ನಾಲ್ಕು ಬೆರೆತಿದ್ದವು.

"ಏನೋ ಮರ್ಲ್, ಎಲ್ಲಾ ಒಂದೇ ಅಂದ್ಕೊಂಡ್ಯಾ?"

"ಅಳತೆ ಒಂದೇ ಇದೆಯಲ್ಲ ಮಾರಾಯ."

"ಹೊರಗಡೆ ಒಂದೇ. ನಿನ್ನ ಬೇಸಿಗೆ ಬೂಟು, ಚಳಿಗಾಲದ ಬೂಟು ಪಕ್ಕಪಕ್ಕ ಇಟ್ಟು ನೋಡು, ಉದ್ದ ಒಂದೇ. ಕಾಲು ಹಾಕು, ಗೊತ್ತಾಗುತ್ತೆ. ಸೈನ್ಯದ್ದು ಗೋಡೆ ದಪ್ಪ, ಒಳಗೆ ಜಾಗ ಕಮ್ಮಿ. ಅದೇ ಮದ್ದು ಹಾಕಿದ್ರೆ ಒತ್ತಡ ಎಲ್ಲಿಗೆ ಹೋಗ್ಬೇಕು? ನಿನ್ನ ಮುಖಕ್ಕೆ! ಮೊದಲೇ ನೋಡೋ ಹಾಗಿಲ್ಲ ಅದು."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೂ ಕೂತು ಬೇರೆ ಮಾಡಿದೆ. ಪ್ರೈಮರ್ ಬದಲಾದರೂ ಅಷ್ಟೇ, ಹಿತ್ತಾಳೆ ಬದಲಾದರೂ ಅಷ್ಟೇ, ಮದ್ದಿನ ತೂಕ ಇಳಿಸು, ಕೆಳಗಿನಿಂದ ಮೆಲ್ಲಗೆ ಹತ್ತಿ ಬಾ: ಇದು ಅವನ ಮಂತ್ರ. ಊರಿನಲ್ಲಿ ಅರ್ಧ ಜನಕ್ಕೆ ಎರಡು ಕಣ್ಣೂ ಉಳಿದಿದ್ದರೆ ಅದಕ್ಕೆ ಅವನ ಬೈಗುಳವೇ ಕಾರಣ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಆ ಬರಗಾಲದ ವರ್ಷ ಬಂತು. ಎಲ್ಲಿ ಕೇಳಿದರೂ ಪ್ರೈಮರ್ ಇಲ್ಲ. ಸಿಕ್ಕಿದ್ದೇ ಸೀರುಂಡೆ ಎಂದು ಜನ ಯಾವ ಜಾತಿಯದು ಸಿಕ್ಕರೂ ಬಾಚಿಕೊಂಡರು. ಬೇಟೆ ಶುರುವಾಗಲು ಎರಡು ವಾರ ಇರುವಾಗ ಒಂದು ಮಧ್ಯಾಹ್ನ ವೆರ್ನಾ ನನ್ನ ಅಂಗಡಿಗೆ ಬಂದಳು. ಕೋಟಿನ ಜೇಬಿನಿಂದ ಒಂದು ಖಾಲಿ ಕೋಶ ತೆಗೆದು ನನ್ನ ಅಂಗೈಗೆ ಹಾಕಿದಳು.

"ಗುರಿ ಸರಿ ಇದೆಯಾ ನೋಡೋಣ ಅಂತ ಮೈದಾನಕ್ಕೆ ಹೋಗಿದ್ದೆ. ಒಂದು ಹಾರಿಸಿದೆ. ಕೋಶ ಹೊರಗೆ ತೆಗೆಯೋಕೆ ನೋಡಿದ್ರೆ ಬೋಲ್ಟಿನ ಹಿಡಿ ಮೇಲೇಳಲೇ ಇಲ್ಲ. ಅಂಗೈಲಿ ಗುದ್ದಿ ಗುದ್ದಿ ತೆಗೆದೆ."

ತಿರುಗಿಸಿ ನೋಡಿದೆ. ಸೈನ್ಯದ ಹಿತ್ತಾಳೆ. ಪ್ರೈಮರ್ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿತ್ತು. ಒತ್ತಡ ಮಿತಿಮೀರಿದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಯಾರು ತುಂಬಿದ್ದು?" ಎಂದೆ. ದಡ್ಡ ಪ್ರಶ್ನೆ.

"ಇನ್ಯಾರು?" ಎಂದಳು. "ಮನೆಗೆ ಹೋಗಿ ಒಂದು ಬಿಚ್ಚಿ ತೂಗಿದೆ. ಮದ್ದು ಹಳೇ ತೂಕವೇ. ಪ್ರೈಮರ್ ಜೋರಿನದು, ಹಿತ್ತಾಳೆ ದಪ್ಪದ್ದು. ಎರಡೂ ಬದಲಾಯಿಸಿದ್ದಾನೆ, ಮದ್ದು ಇಳಿಸೋದು ಮರೆತಿದ್ದಾನೆ. ಮರ್ಲ್, ಇನ್ನೊಂದು ಹಾರಿಸಿದ್ರೆ ನನ್ನ ಕಣ್ಣು ಹೋಗ್ತಿತ್ತೋ ಏನೋ."

ಆರ್ಡೆನ್‌ಗೆ ಮರೆವು ಶುರುವಾಗಿದ್ದು ನಮಗೆಲ್ಲ ಗೊತ್ತಿತ್ತು. ಡಾಕ್ಟರೂ ಹೇಳಿದ್ದರು. ನಾನು ಕಡ್ಡಿ ಮುರಿದಂತೆ ಹೇಳಿದೆ: "ಇದರಲ್ಲಿ ಯೋಚನೆ ಏನು? ಬೆಂಚಿಗೆ ಬೀಗ ಹಾಕು."

"ಹೇಳೋದು ಸುಲಭ ಕಣೋ. ವಸಂತದಲ್ಲಿ ಕಾರಿನ ಕೀಲಿ ಕಿತ್ಕೊಂಡೆ. ಮೂರು ದಿನ ಮಾತಾಡ್ಲಿಲ್ಲ. ಈಗ ಬೆಂಚೂ ಕಿತ್ಕೊಂಡ್ರೆ ಅವನ ಹತ್ರ ಉಳಿಯೋದೇನು? ಬೆಳಿಗ್ಗೆ ಎದ್ದು ಯಾಕೆ ಷರಟು ಹಾಕ್ಕೋಬೇಕು ಅವನು?"

ಕೋಶವನ್ನು ಅವಳ ಕೈಗೆ ವಾಪಸ್ ಕೊಟ್ಟೆ. ಭಾನುವಾರ ತಿಂಡಿಗೆ ಬಾ, ನೀನಿದ್ದರೆ ನನಗೆ ಧೈರ್ಯ ಎಂದು ಹೇಳಿ ಹೋದಳು. ಅಲ್ಲಿಯವರೆಗೆ ಬೆಂಚಿನ ಡ್ರಾಯರಿನ ಕೀಲಿ ಕಳೆದುಹೋಗಿದೆ ಎಂದು ನಾಟಕವಾಡಿದಳಂತೆ.

ಭಾನುವಾರ ಎಲ್ಕ್ ಸಾಸೇಜು, ಆಲೂಗಡ್ಡೆಯ ತೆಳು ರೊಟ್ಟಿ, ಕಾಫಿ. ಆರ್ಡೆನ್ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಕೂತಿದ್ದ. ನನ್ನ ಟೈರುಗಳನ್ನು ಎಂದಿನಂತೆ ಹೀಯಾಳಿಸಿದ. ತಿಂಡಿ ಮುಗಿದ ಮೇಲೆ ವೆರ್ನಾ ಆ ಕೋಶವನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

ಆರ್ಡೆನ್ ಕನ್ನಡಕ ಏರಿಸಿ ಎತ್ತಿಕೊಂಡ. ಒಂದೇ ನೋಟ. ಅವನ ಮುಖ ಹತ್ತು ವರ್ಷ ಹಿಂದಕ್ಕೆ ಹೋಯಿತು.

"ಸೈನ್ಯದ ಹಿತ್ತಾಳೆ. ಪ್ರೈಮರ್ ಜೋರಿನದು. ಮದ್ದು ಒಂಚೂರೂ ಇಳಿಸಿಲ್ಲ. ನೋಡು ಮರ್ಲ್, ಬುಡದ ಅಕ್ಷರದ ಮೇಲೆ ಹೊಳೆಯೋ ಗುರುತು ನೋಡು. ಬೋಲ್ಟು ಹಿಡಿದಿರಬೇಕು, ಹಿಡಿದೇ ಹಿಡಿದಿರುತ್ತೆ. ಯಾವ ಮುಠ್ಠಾಳ ತುಂಬಿದ್ದು ಇದನ್ನ? ನೀನೇನಾ?"

ಒಂದು ಅಕ್ಷರ ತಪ್ಪಿರಲಿಲ್ಲ. ಜ್ಞಾನವೆಲ್ಲ ಹಾಗೇ ಇತ್ತು, ತುಂಬಿದ ದಿನ ಮಾತ್ರ ಅವನೊಳಗೆ ಇರಲಿಲ್ಲ. ಹೌದು ನಾನೇ ಎಂದು ಬಾಯಿ ತೆರೆಯುವಷ್ಟರಲ್ಲಿ ವೆರ್ನಾ ಹೇಳಿದಳು.

"ನಾನು ತುಂಬಿದ್ದು."

"ನೀನಾ?"

"ಹೂಂ. ನೀನು ಮಲಗಿದ್ದೆ. ಅವಸರದಲ್ಲಿ ಸಿಕ್ಕಿದ್ದು ಹಾಕಿದೆ."

"ಎಷ್ಟು ವರ್ಷ ನೋಡಿದ್ದೀಯ ನನ್ನ ಕೆಲಸನಾ? ಒಂದು ಬದಲಾದ್ರೆ ಇಳಿಸ್ಬೇಕು ಅಂತ ಬೆಕ್ಕಿಗೂ ಗೊತ್ತಲ್ಲೇ! ಉಳಿದದ್ದೆಲ್ಲಿ? ತಾ ಇಲ್ಲಿ."

ಅವಳು ಪೆಟ್ಟಿಗೆ ತರಲು ಹಿಂಜರಿದಳು. ಅವನು ಬಿಡಲಿಲ್ಲ. ತಂದಿಟ್ಟಳು. ಮುಚ್ಚಳದ ಮೇಲೆ ಚೀಟಿ ಅಂಟಿಸಿತ್ತು, ದಿನಾಂಕ, ಮದ್ದಿನ ತೂಕ, ಪೆನ್ಸಿಲಿನಲ್ಲಿ ಪುಟ್ಟ ನೆಟ್ಟಗಿನ ಅಂಕಿಗಳು. ನಮ್ಮ ಕಡೆಯ ಯಾವ ರೈತನಾದರೂ ಆ ಅಂಕಿಗಳನ್ನು ಗುರುತಿಸುತ್ತಾನೆ. ಮೂವತ್ತಮೂರು ವರ್ಷ ಅವರ ಗೋಧಿಯ ಚೀಟಿಯ ಮೇಲೆ ಇದ್ದದ್ದು ಅವೇ.

ಆರ್ಡೆನ್ ಚೀಟಿ ನೋಡುತ್ತ ಕೂತ. ನಾನು ಕಾಫಿ ಲೋಟದೊಳಗೆ ಕಣ್ಣು ನೆಟ್ಟಿದ್ದೆ. ವೆರ್ನಾ ಮೇಜಿನ ಮೇಲಿದ್ದ ರೊಟ್ಟಿಯ ಪುಡಿಯನ್ನು ಬೆರಳಲ್ಲಿ ಒಟ್ಟುಮಾಡುತ್ತಿದ್ದಳು.

"ನನ್ನ ಥರ ಬರೆಯೋದು ಯಾವಾಗ ಕಲಿತೆ ವೆರ್ನಾ?" ಎಂದು ಮೆಲ್ಲಗೆ ಕೇಳಿದ.

ಅವಳು ಪುಡಿಯನ್ನು ತಟ್ಟೆಗೆ ಹಾಕಿದಳು. ಅವನು ಜೇಬಿನಿಂದ ಪೆನ್ಸಿಲ್ ತೆಗೆದು ಚೀಟಿಯ ಮೇಲೆ ಅಡ್ಡ ಗೆರೆ ಎಳೆದು, "ಹಾರಿಸಬೇಡಿ" ಎಂದು ಬರೆದ. ಆಮೇಲೆ ಅವಳ ಕೈ ಹಿಡಿದುಕೊಂಡ.

"ಇನ್ಮೇಲೆ ಒಬ್ಬರೇ ಕೂತು ತುಂಬೋದು ಬೇಡ. ನೀನು ತೂಗು, ನಾನು ಪಕ್ಕದಲ್ಲಿ ಕೂತು ಬೈತೀನಿ."

"ಅದೊಂದು ಬರುತ್ತಲ್ಲ ನಿನಗೆ," ಎಂದಳು ವೆರ್ನಾ. ನಗುತ್ತಲೇ ಕಣ್ಣೊರೆಸಿಕೊಂಡಳು.

ಆ ಪೆಟ್ಟಿಗೆಯದನ್ನೆಲ್ಲ ಅಂದೇ ಬಿಚ್ಚಿದರು. ಮದ್ದನ್ನು ವೆರ್ನಾ ಗೊಬ್ಬರವಾಗಲಿ ಎಂದು ಗುಲಾಬಿ ಗಿಡದ ಬುಡಕ್ಕೆ ಉದುರಿಸಿದಳು. ಮುಂದಿನ ಗುರುವಾರ ಹೊಸದಾಗಿ ತುಂಬಿದರು. ಅವಳು ತೂಗುತ್ತಿದ್ದಳು, ಅವನು ಮುಳ್ಳು ನೋಡುತ್ತಿದ್ದ, ನನಗೆ ಮನೆಯಲ್ಲಿ ಕೂತೇ ಬೈಗುಳ ಕೇಳುತ್ತಿತ್ತು. ಮದ್ದನ್ನು ಕೆಳಗಿನಿಂದ ಶುರುಮಾಡಿದ್ದರು.

ಶನಿವಾರ ಮೂವರೂ ಮೈದಾನಕ್ಕೆ ಹೋದೆವು. ವೆರ್ನಾ ಕೂರಲು ಹೊರಟಾಗ ಆರ್ಡೆನ್ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ ತಾನೇ ಬೆಂಚಿಗೆ ಕೂತ. ಮದುವೆಯಾದ ಮೇಲೆ ಅವನು ತೋಟಾ ಹಾರಿಸಿದ್ದನ್ನು ನೋಡಿದವರು ಕಡಿಮೆ.

"ಇದೇನು ಹೊಸದು? ತುಂಬಿದವಳು ನಾನು, ಮೊದಲನೇದು ನಾನೇ ಹಾರಿಸ್ತೀನಿ," ಎಂದಳು.

"ಬೇಡ," ಎಂದ ಆರ್ಡೆನ್, ಕೋವಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತ. "ಹೆಚ್ಚುಕಮ್ಮಿ ಆದ್ರೆ ನನಗಾಗ್ಲಿ. ಇನ್ಮೇಲೆ ನಮ್ಮಿಬ್ಬರಿಗೂ ನಿನ್ನ ಕಣ್ಣೇ ಗತಿ."