ಗುಜರಿ ಹಾಳೆಗೆ ಸಹಿ ಹಾಕದವಳು

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ತಲೆ ಬಗ್ಗಿಸುತ್ತಿದ್ದದ್ದು ಕೆಲಸದ ಮೇಜಿಗೆ ಮಾತ್ರ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಉಪಕರಣ ರಿಪೇರಿ ಮಾಡಿದಳು. ನರ್ಸ್‌ಗಳು ಹಿಂದಿನಿಂದ ‘ಜಗಮೊಂಡಿ’ ಎನ್ನುತ್ತಿದ್ದರು. ಎದುರಿಗೆ ಅಕ್ಕಾ ಅಕ್ಕಾ ಎಂದು ಬೆಣ್ಣೆ ಹಚ್ಚುತ್ತಿದ್ದರು. ಮೊಂಡಿಯೇ, ಯಾರು ಅಲ್ಲ ಅಂದರು? ನನಗಂತೂ ಅದರ ಬಗ್ಗೆ ಹೆಮ್ಮೆ ಇದೆ.

ಸೋತ ಕೈಗೆ ಸಣ್ಣಗೆ ಕರೆಂಟು ಕೊಟ್ಟು ಬೆರಳು ಅಲ್ಲಾಡಿಸುವ ಹಳೆಯ ಮೆಷಿನ್ ಒಂದಿತ್ತು. ಕರೆಂಟು ಏರಿಸಲು, ಇಳಿಸಲು ಒಂದು ನಾಬ್. ಅದರ ಹಿಂದೆ ಕೂತು ಕರೆಂಟಿನ ಅಳತೆ ನಿಭಾಯಿಸುವ ಪೊಟೆನ್ಷಿಯೋಮೀಟರ್, ಅತ್ತೆಯ ಬಾಯಲ್ಲಿ ಬರೀ ‘ಪಾಟ್’, ಸವೆದುಹೋಗಿತ್ತು. ಕ್ಲೀನರ್ ಸ್ಪ್ರೇ ಹೊಡೆದರೆ ಎರಡು ವಾರ ಸರಿ, ಮತ್ತೆ ಅದೇ ರಾಗ. ಕೊನೆಗೆ ಹೊಸ ಪಾಟ್ ಬೆಸುಗೆ ಹಾಕಿ ಕೊಟ್ಟಳು.

ಮರುದಿನ ಬೆಳಿಗ್ಗೆ ಆ ಮೆಷಿನ್ ಮುಂದೆ ಒಬ್ಬ ಟೈಲರ್ ಬಂದು ಕೂತ. ಬಲಗೈ ಸ್ವಾಧೀನ ತಪ್ಪಿ ಐದು ತಿಂಗಳಾಗಿತ್ತು. ಕತ್ತರಿ ಹಿಡಿಯುವ ಬೆರಳು ಹಿಂದಿನ ವಾರವಷ್ಟೇ ಮಡಚಲು ಶುರುವಾಗಿತ್ತು. ಥೆರಪಿ ಮಾಡುವ ಹುಡುಗಿ ನಾಬ್ ಅರ್ಧ ತಿರುಗಿಸಿದಳು, ಏನೂ ಇಲ್ಲ. ಇನ್ನೊಂದು ಚೂರು ತಿರುಗಿಸಿದ್ದೇ ತಡ, ಕೈ ಎಗರಿ ಅವನ ಮೂಗಿಗೇ ಬಡಿಯಿತು.

ಮಧ್ಯಾಹ್ನದೊಳಗೆ ಸೂಪರಿಂಟೆಂಡೆಂಟ್ ಒಂದು ಹಾಳೆ ಹಿಡಿದು ಅತ್ತೆಯ ಕೋಣೆಗೆ ಇಳಿದು ಬಂದರು. ‘ರಿಪೇರಿಗೆ ಬರುವುದಿಲ್ಲ’ ಎಂದು ಟೈಪಾಗಿತ್ತು. ಅತ್ತೆ ಸಹಿ ಹಾಕಿದರೆ ಮೆಷಿನ್ ಗುಜರಿಗೆ. ಹೊಸದು ಬರಲು ವರ್ಷವಾದರೂ ಬೇಕು. ಅಷ್ಟರಲ್ಲಿ ಟೈಲರ್ ಬೆರಳು ಮತ್ತೆ ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತದೆ.

“ಸಹಿ ಹಾಕ್ಬಿಡೀಮ್ಮಾ. ಹಳೇ ಮೆಷಿನ್ನು, ಕೈ ಕೊಡ್ತು ಅಂತ ಬರೆದಿದೀನಿ. ನಿಮ್ಮ ಹೆಸರು ಎಲ್ಲೂ ಬರಲ್ಲ.”

ಅತ್ತೆ ಆಗಲೇ ಮೆಷಿನ್ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡಿದ್ದಳು. ಪಾಟ್‌ಗಳಲ್ಲಿ ಎರಡು ಜಾತಿ. ಒಂದು, ತಿರುಗಿಸಿದಷ್ಟೇ ಸಮನಾಗಿ ಏರುತ್ತದೆ. ಇನ್ನೊಂದು ರೇಡಿಯೋದ ದನಿಗೆಂದು ಮಾಡಿದ್ದು. ಮೊದಲರ್ಧ ತೆವಳಿ ಆಮೇಲೆ ಓಡುತ್ತದೆ. ನೋಡಲು ಎರಡೂ ಅವಳಿಜವಳಿ. ಹಾಕುವ ಮೊದಲು ಅತ್ತೆ ಎರಡು ತುದಿಗೂ ಮೀಟರ್ ಹಿಡಿದಿದ್ದಳು, ನಡುವೆ ಹಿಡಿದಿರಲಿಲ್ಲ. ರೇಡಿಯೋದ್ದನ್ನು ಹಾಕಿ ಕೂತಿದ್ದಳು.

“ಕೈ ಕೊಟ್ಟಿದ್ದು ಮೆಷಿನ್ ಅಲ್ಲ ಸಾರ್, ನಾನು. ತಪ್ಪು ಪಾಟ್ ಹಾಕಿದೀನಿ.”

“ಅಯ್ಯೋ, ಮೆಲ್ಲಗೆ! ಕೆಲಸ ಹೋಗುತ್ತೆ ನಿಮ್ದು.”

“ಹೋದ್ರೆ ಹೋಗ್ಲಿ. ನನ್ನ ತಪ್ಪಿಗೆ ಇನ್ನೊಬ್ರ ಬೆರಳು ಯಾಕೆ ಹೋಗ್ಬೇಕು? ಹಾಕಲ್ಲ ಸಹಿ.”

ಅವರೆದುರೇ ಸರಿಯಾದ ಪಾಟ್ ಹುಡುಕಿ, ಈ ಸಲ ಐದು ಕಡೆ ಅಳೆದು, ಬೆಸುಗೆ ಹಾಕಿದಳು. ಮೆಷಿನ್ ಹೊತ್ತುಕೊಂಡು ಮೇಲೆ ಹೋದಳು. ಟೈಲರ್ ಮೂಗಿಗೆ ಹತ್ತಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ.

“ಬೆಳಿಗ್ಗೆ ನಿಮಗೆ ಹೊಡೆಸಿದ್ದು ನಾನೇ ಅಣ್ಣ. ಈಗ ಸರಿ ಮಾಡಿದೀನಿ. ಮೊದಲು ನನ್ನ ಕೈಗೆ, ನೋಡಿ.”

ಕರೆಂಟು ಹಾಯಿಸುವ ಪಟ್ಟಿಗಳನ್ನು ತನ್ನ ತೋಳಿಗೇ ಕಟ್ಟಿಕೊಂಡು ಸೊನ್ನೆಯಿಂದ ನಿಧಾನವಾಗಿ ತಿರುಗಿಸಿದಳು. ಬೆರಳುಗಳು ಮೆತ್ತಗೆ ಮಡಚಿ ಬಿಚ್ಚಿದವು.

“ನೀವೇ ತಿರುಗ್ಸೋದಾದ್ರೆ ಕೂತ್ಕೋತೀನಿ ಅಕ್ಕ,” ಎಂದು ಟೈಲರ್ ಎಡಗೈಯಿಂದ ಬಲಗೈ ಅಂಗಿಯ ತೋಳು ಮೇಲೆ ಸರಿಸಿದ.

ಅವನ ಬೆರಳು ಅವತ್ತು ಒಂಬತ್ತು ಸಲ ಮಡಚಿತು. ಮರುವಾರ ಸೂಪರಿಂಟೆಂಡೆಂಟ್ ಅತ್ತೆಯ ಹೆಸರಿಗೆ ಬಂದ ಮೆಮೋ ತಂದಿಟ್ಟರು: ಕರ್ತವ್ಯಲೋಪ, ತಪ್ಪು ಬಿಡಿಭಾಗ ಅಳವಡಿಕೆ. ಅತ್ತೆ ಪೂರ್ತಿ ಓದಿ ಪೆನ್ನು ತೆಗೆದಳು.

“ಇದರಲ್ಲಿ ಬರೆದಿರೋದು ನಿಜ ಸಾರ್. ಎಲ್ಲಿ ಹಾಕ್ಬೇಕು ಸಹಿ?”