ನಾಯಿ ಇದ್ಯಾ ಮನೇಲಿ?

ನರ್ಸರಿ ಅಕ್ಕನ ಹತ್ತಿರ ಗಿಡ ಕೊಳ್ಳುವುದೆಂದರೆ ಹೆಣ್ಣು ಕೇಳಲು ಹೋದಂತೆಯೇ. ಮೊದಲು ಮನೆತನದ ವಿಚಾರಣೆ ಮುಗಿಯಬೇಕು. "ನಾಯಿ ಇದ್ಯಾ ಮನೇಲಿ?" ಇದೆ ಎಂದಿರೋ, ಕಣಗಿಲೆ ಇಲ್ಲ, ಸೈಕಾಸ್ ಇಲ್ಲ. "ಬಾಯಿ ಹಾಕಿದ್ರೆ ಅದರ ಜೀವಕ್ಕೇ ಕುತ್ತು, ಗುಲಾಬಿ ತಗೊಳ್ಳಿ" ಎಂದು ಕುಂಡವನ್ನು ಕೈಗೇ ಇಟ್ಟುಬಿಡುತ್ತಾಳೆ. ಇಲ್ಲ ಎಂದರೂ ಬಿಡುಗಡೆಯಿಲ್ಲ: "ಪಕ್ಕದ ಮನೇಲಿ? ಮುಂದೆ ಸಾಕಿದ್ರೆ?" "ಹೀಗಾದ್ರೆ ಅಂಗಡಿಗೆ ಬೀಗವೇ ಗತಿ" ಎಂದು ಗಂಡ ಹಣೆ ಚಚ್ಚಿಕೊಳ್ಳುತ್ತಾನೆ. ಬೀದಿಯಲ್ಲಿ ನಡೆಯುವಾಗಲೂ ಅವಳ ಕತ್ತು ಕಂಡವರ ಕಾಂಪೌಂಡಿನೊಳಗೆ. ಮಾತು ಮೀರಿ ನೆಟ್ಟವರನ್ನು ಗೇಟಿನಲ್ಲೇ ನಿಂತು, "ನಾನು ಬಡ್ಕೊಂಡಿರ್ಲಿಲ್ವಾ?" ಎಂದು ಓಣಿಗೆಲ್ಲ ಕೇಳುವಂತೆ ಝಾಡಿಸುತ್ತಾಳೆ. ಹಾಗೆ ಎರಡು ಸಲ ಬೈಸಿಕೊಂಡೂ ಕಣಗಿಲೆಯನ್ನು ಕೀಳದಿದ್ದ ಮುದಿ ಮೇಷ್ಟ್ರು ಮೊನ್ನೆ ಅಂಗಡಿಗೆ ಬಂದರು. "ನಾನು ನೆಟ್ಟ ಗಿಡದಿಂದ್ಲೇ ಹೋಯ್ತೇನಮ್ಮಾ ನಮ್ಮ ನಾಯಿ?" ಎಂದರು. ಅಕ್ಕನಿಗೆ ಉತ್ತರ ಗೊತ್ತಿತ್ತು. ಆದರೂ "ಇಲ್ಲ ಬಿಡಿ ಮೇಷ್ಟ್ರೇ, ಅದಕ್ಕೂ ವಯಸ್ಸಾಗಿತ್ತಲ್ಲ" ಎಂದಳು ಮೆಲ್ಲಗೆ. ಆಮೇಲೆ ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಮಲ್ಲಿಗೆ ಸಸಿ ಎತ್ತಿಕೊಂಡು, "ನಡೀರಿ, ಆ ಜಾಗಕ್ಕೆ ಇದು ಚೆನ್ನಾಗಿ ಹೊಂದುತ್ತೆ" ಎಂದು ಅವರ ಜೊತೆ ಹೊರಟಳು.